ಮಡಿಕೇರಿಗೊಂದು ಇತಿಹಾಸ ಸಂಘ

ಧಾರವಾಡದಲ್ಲಿ 1914ರಿಂದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅದಕ್ಕೂ ಹಿರಿಯದು, 1909ರದ್ದು. ಇಷ್ಟೊಂದು ರಾಜರು, ಕೋಟೆ, ಗದ್ದುಗೆ, ವ್ಯಾಜ್ಯಗಳಿರುವ ನಮ್ಮ ಮಡಿಕೇರಿಗೂ ಅಂಥದ್ದೊಂದು ಬೇಡವೇ ಎಂಬ ಮಾತು ಮಹದೇವಪೇಟೆಯ ಹೋಟೆಲಿನಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಕಕ್ಕಡ ತಿಂಗಳ ಮಳೆ ಹಿಡಿದುಕೊಂಡರೆ ಒಳಗೆ ಕೂತವನಿಗೆ ಏಳಲು ನೆಪವೇ ಸಿಗುವುದಿಲ್ಲ. ಎರಡನೆಯ ಕಾಫಿ ಬರುವ ಹೊತ್ತಿಗೆ ಯಾರಾದರೊಬ್ಬರು ಸಂಘ ಕಟ್ಟಲು ಹೊರಟಿರುತ್ತಾರೆ.

ನಮ್ಮ ಮೇಜಿನಲ್ಲಿ ಹೊರಡುವವರು ನಿವೃತ್ತ ಮೇಷ್ಟ್ರು. ಅಡ್ಡಗಾಲು ಹಾಕುವವರು ಸುಬೇದಾರ್ರು. ಮೊದಲ ಜಗಳ ಹೆಸರಿನದು. ‘ಕೊಡಗು ಇತಿಹಾಸ ಸಂಘ’ ಎಂದರು ಮೇಷ್ಟ್ರು.

“ಸೋಮವಾರಪೇಟೆಯವರನ್ನು ಕೇಳಿದಿರಾ? ವಿರಾಜಪೇಟೆಯವರನ್ನು? ಮುಳ್ಳೂರಿನ ಬಸದಿಯಲ್ಲಿ 1058ರ ಕೊಂಗಾಳ್ವರ ಶಾಸನ ಇದೆ. ಪೆಗ್ಗೂರಿನದು 978ರದ್ದು, ಗಂಗರ ಕಾಲದ್ದು. ನೀವು ಮಡಿಕೇರಿಯವರು 1681ರಲ್ಲಿ ಮುದ್ದುರಾಜ ಬಂದು ಕೂತ ಮೇಲೆ ಕಣ್ಣು ಬಿಟ್ಟವರು. ಕೊಡಗು ಅಂತ ಬೋರ್ಡು ಹಾಕಿಕೊಳ್ಳಲಿಕ್ಕೆ ನಿಮಗೇನು ಹಕ್ಕು ಮಾರಾಯ್ರೇ?” ಎಂದರು ಸುಬೇದಾರ್ರು.

ಹೆಸರಿನಲ್ಲೇ ಒಂದು ಮಳೆಗಾಲ ಹೋಯಿತು. ಮುಂದಿನ ವರ್ಷ ಅಧ್ಯಕ್ಷರು ಯಾರೆಂಬ ಪ್ರಶ್ನೆ. ಅದರ ಮುಂದಿನ ವರ್ಷ ಯಾರೋ ಟಿಪ್ಪುವಿನ ಹೆಸರೆತ್ತಿದರು, ಅಲ್ಲಿಗೆ ಸಭೆ ಬರಖಾಸ್ತು. ಟಿಪ್ಪು ಮಡಿಕೇರಿಗೆ ಜಾಫರಾಬಾದ್ ಎಂದು ಹೆಸರಿಟ್ಟು ಇನ್ನೂರು ವರ್ಷ ದಾಟಿದರೂ ಆ ಒಂದು ವಿಷಯವನ್ನು ನಮ್ಮಲ್ಲಿ ಕಾಫಿ ಕುಡಿಯುತ್ತಾ ಮಾತಾಡಲಾಗದು. ಅದು ನಗುವ ಮಾತೂ ಅಲ್ಲ. ಬಿಡಿ.

ನನ್ನ ಅಭಿಪ್ರಾಯ ಬೇರೆ. ಕೊಡಗಿನಲ್ಲಿ ಇತಿಹಾಸ ಸಂಘಕ್ಕೆ ಬರವಿಲ್ಲ. ಒಂದೊಂದು ಒಕ್ಕವೂ, ಅಂದರೆ ಮನೆತನವೂ, ಒಂದೊಂದು ಇತಿಹಾಸ ಸಂಘವೇ. ಅದಕ್ಕೆ ಕಚೇರಿ ಇದೆ, ಐನ್‌ಮನೆ ಎಂಬ ಮೂಲಮನೆ. ಪಟ್ಟೆದಾರ ಎಂಬ ಅಧ್ಯಕ್ಷ ಇದ್ದಾನೆ. ಅವನಿಗೆ ಚುನಾವಣೆಯ ತಾಪತ್ರಯವಿಲ್ಲ, ವಯಸ್ಸಾದರೆ ಸಾಕು. ವಾರ್ಷಿಕ ಮಹಾಸಭೆಯೂ ಇದೆ. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮೀದಿಯ ಎಡೆ ಇಡುವ ದಿನ ಬೆಂಗಳೂರು, ಮೈಸೂರು, ದುಬೈಯಿಂದ ಸದಸ್ಯರು ಬಂದು ಸೇರುತ್ತಾರೆ. ಹಾಜರಾತಿ ತುಂಬಿರುತ್ತದೆ, ಏಕೆಂದರೆ ಹಂದಿ ಮಾಂಸ ಇರುತ್ತದೆ. ಯಾವ ಸಂಶೋಧನ ಸಂಸ್ಥೆಗೂ ಈ ಗುಟ್ಟು ಇನ್ನೂ ತಿಳಿದಂತಿಲ್ಲ.

ಸ್ನೇಹಿತರು ಕರೆದರೆಂದು ಇಂಥ ಸಭೆಗಳಲ್ಲಿ ನಾನೂ ಕೂತದ್ದುಂಟು. ಕಯ್ಯಾಲೆ ಜಗಲಿಯ ಐಮರದ ಹಲಗೆಯ ಮೇಲೆ ಹಿರಿಯರು, ಮೆಟ್ಟಿಲ ಮೇಲೆ ಕಿರಿಯರು. ಒಳಗೆ ನೆಲ್ಲಕ್ಕಿ ಬಾಡೆ ಎಂಬ ನಡುಮನೆಯಲ್ಲಿ ತೂಕ್‌ಬೊಳ್ಚ ದೀಪ ಉರಿಯುತ್ತಿರುತ್ತದೆ. ಅಂಗಳದ ಕೊನೆಗೆ ವಂಶವೃಕ್ಷದ ಫ್ಲೆಕ್ಸು. ಅದರ ಬುಡದಲ್ಲಿ ಒಬ್ಬನೇ ಅಜ್ಜ, ತುದಿಯಲ್ಲಿ ಕನ್ನಡಕವಿಲ್ಲದೆ ಓದಲಾಗದಷ್ಟು ಮೊಮ್ಮಕ್ಕಳು. ಚರ್ಚೆ ಶುರುವಾಗುವುದು ಆ ಫ್ಲೆಕ್ಸಿನಿಂದಲೇ. ನಡುವಿನ ಕೊಂಬೆಯಲ್ಲಿದ್ದವನು ರಾಜನ ಕಾರ್ಯಕಾರನಾಗಿದ್ದನೋ ಬರೀ ಪಹರೆಯವನೋ? ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಹಾಕಬೇಕೋ ಬೇಡವೋ? ಒಮ್ಮೆ ಒಬ್ಬ ಹುಡುಗಿ ಎದ್ದು, “ದೊಡ್ಡಪ್ಪ, ಮರದಲ್ಲಿ ನಾನಿಲ್ಲ ಅಂದ ಮೇಲೆ ಈ ಫ್ಲೆಕ್ಸಿಗೆ ಕಟ್ಟಿದ ದುಡ್ಡು ವಾಪಸ್ ಕೊಡಿ” ಎಂದಳು. ದೊಡ್ಡಪ್ಪ ನಕ್ಕರು, ಮರುವರ್ಷ ಹೆಸರು ಬಂತು. ವಿದ್ವಾಂಸರ ಸಮ್ಮೇಳನದಲ್ಲಿ ಒಂದು ತಿದ್ದುಪಡಿ ಇಷ್ಟು ಬೇಗ ಪಾಸಾದದ್ದನ್ನು ನಾನು ಕೇಳಿಲ್ಲ.

ಊಟವಾದ ಮೇಲೆ ಪೆಟ್ಟಿಗೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿದ್ದು ಮಸಿ ಹಿಡಿದು ಕಪ್ಪಾದ ಮರದ ಪೆಟ್ಟಿಗೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಕಾಗದಗಳು. ಒಂದರಲ್ಲಿ ಕೊಡಗಿನ ರಾಜ ಲಿಂಗರಾಜನ ಕಾಲದ ಗದ್ದೆಯ ಲೆಕ್ಕ, ಭಟ್ಟಿ ಎಂಬ ಹಳೆಯ ಅಳತೆಯಲ್ಲಿ. 1812ರಲ್ಲಿ ಲಿಂಗರಾಜ ಮಾಡಿಸಿದ ಶಿಸ್ತು, ಅಂದರೆ ಜಮೀನಿನ ಲೆಕ್ಕಪತ್ರ, ನಮ್ಮ ಕಂದಾಯದ ದಾಖಲೆಗಳಿಗೆ ಬುನಾದಿ. ಅಂಚು ಸವೆದು ಲೇಸಿನ ಹಾಗಾಗಿದ್ದರೂ ಮಸಿಯ ಅಕ್ಷರ ಮಾತ್ರ ಗಟ್ಟಿ. ಮೂಸಿದರೆ ಹೊಗೆಯ ವಾಸನೆ. ನಮ್ಮ ಮಳೆಗೆ ಉಕ್ಕಿನ ಬೀರುವಿನಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಇದನ್ನು ಉಳಿಸಿದ್ದು ದಿನವೂ ಗಂಜಿ ಬೇಯಿಸಿದ ಹೆಂಗಸರ ಒಲೆ. ಈಗ ಎಲ್ಲ ಮನೆಗೂ ಗ್ಯಾಸು ಬಂದಿದೆ. ಪೆಟ್ಟಿಗೆಯ ಗತಿ ಏನೆಂದು ಯಾರೂ ಯೋಚಿಸಿದಂತಿಲ್ಲ.

ಈ ಒಕ್ಕಗಳ ಇತಿಹಾಸಕ್ಕೆ ಇನ್ನೊಂದು ಪ್ರಕಾಶನ ಸಂಸ್ಥೆ ಇದೆ, ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡಗಳು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಆತಿಥ್ಯದ ಜೊತೆ ಸ್ಮರಣ ಸಂಚಿಕೆ, ಸಂಚಿಕೆಯಲ್ಲಿ ಕುಟುಂಬದ ಚರಿತ್ರೆ. ಬೇರೆ ಊರಿನಲ್ಲಿ ಇತಿಹಾಸ ಬರೆಸಲು ಅನುದಾನ ಬೇಕು, ನಮ್ಮಲ್ಲಿ ಒಂದು ಗೋಲ್‌ಪೋಸ್ಟ್ ಸಾಕು.

ಹಾಗೆಂದು ಎಲ್ಲವೂ ಸಂಚಿಕೆಯ ಮಟ್ಟದ್ದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ದುಡಿಯ ತಾಳಕ್ಕೆ ನಾಲ್ವರು ಹಾಡುವ ಹಾಡುಗಳು, ಕನ್ನಡ ಲಿಪಿಯಲ್ಲಿ. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಸಾಲದೆಂದು ಹಳ್ಳಿಹಳ್ಳಿಯ ಓಣಿ ಹೊಕ್ಕು ಐನ್‌ಮನೆಗಳನ್ನು ಒಂದೊಂದಾಗಿ ದಾಖಲಿಸಿ 2014ರಲ್ಲಿ ಮತ್ತೊಂದು ಪುಸ್ತಕ ಕೊಟ್ಟರು. ಗಂಡ ಹೆಂಡತಿ ಇಬ್ಬರೇ. ಬೈಲಾ ಇಲ್ಲ, ಕೋರಂ ಇಲ್ಲ. ನಮ್ಮ ಮೇಷ್ಟ್ರಿಗೆ ಇದನ್ನು ಹೇಳಿದರೆ, “ರಿಕ್ಟರ್ ಕೂಡ ಮಡಿಕೇರಿಯಲ್ಲಿ ಮೇಷ್ಟ್ರೇ ಆಗಿದ್ದ, 1870ರಲ್ಲೇ ಕೊಡಗಿನ ಮ್ಯಾನ್ಯುಯಲ್ ಬರೆದ” ಎನ್ನುತ್ತಾರೆ. “ಬರೆದ ಸರಿ, ಸಂಘ ಕಟ್ಟಿದನೇ?” ಎನ್ನುತ್ತಾರೆ ಸುಬೇದಾರ್ರು.

ಒಕ್ಕದ ಇತಿಹಾಸ ಒಕ್ಕದವರು ನೋಡಿಕೊಳ್ಳುತ್ತಾರೆ. ಊರಿನ ಇತಿಹಾಸ ಯಾರದ್ದು? ಸರ್ಕಾರದ್ದು ಎಂದುಕೊಂಡೆವು, ಸರ್ಕಾರ ಅದರೊಳಗೇ ಸಂಸಾರ ಹೂಡಿತು. ಲಿಂಗರಾಜ 1812ರಿಂದ 1814ರ ಹೊತ್ತಿಗೆ ಮತ್ತೆ ಕಟ್ಟಿಸಿದ ಅರಮನೆಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಎಷ್ಟೋ ಕಾಲ ಇತ್ತು. ನಮ್ಮ ಕಡೆ ‘ಕೋಟೆಗೆ ಹೋಗಿ ಬಂದೆ’ ಎಂದರೆ ಯುದ್ಧ ಮಾಡಿ ಬಂದನೆಂದಲ್ಲ, ಅರ್ಜಿ ಕೊಟ್ಟು ಬಂದನೆಂದು. ಅದಕ್ಕೂ ಮೊದಲು ಬ್ರಿಟಿಷರು ಕೋಟೆಯೊಳಗಿನ ವೀರಭದ್ರನ ಗುಡಿ ತೆಗೆಸಿ 1855ರಲ್ಲಿ ಚರ್ಚು ಕಟ್ಟಿದರು; ಆ ಚರ್ಚು ಈಗ ವಸ್ತುಸಂಗ್ರಹಾಲಯ. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಬಂತು, ಜೊತೆಗೆ ಕಮಿಷನರ ಕಾರು ನಿಲ್ಲಿಸಲೊಂದು ಪೋರ್ಟಿಕೋ. ಶನಿವಾರ ರಾಜಾಸೀಟಿನ ರಸ್ತೆಯಲ್ಲಿ ಸಿಕ್ಕಿಬಿದ್ದಾಗಲೆಲ್ಲ ನನಗೆ ಈ ಪೋರ್ಟಿಕೋ ನೆನಪಾಗುತ್ತದೆ. ಮಡಿಕೇರಿಯಲ್ಲಿ ಪಾರ್ಕಿಂಗಿಗೆ ಸರ್ಕಾರ ಮುತುವರ್ಜಿಯಿಂದ ಜಾಗ ಮಾಡಿದ್ದು ಆಗಲೇ ಇರಬೇಕು, ಅದೂ ಒಂದೇ ಕಾರಿಗೆ.

ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ನದೂ ಇದೇ ಕಥೆ. ವರ್ಷಗಟ್ಟಲೆ ಅದು ಆರ್‌ಟಿಒ ಕಚೇರಿ. ದೇಶದ ಭೂಸೇನೆಯನ್ನು ನಡೆಸಿದವರ ಮನೆಯಲ್ಲಿ ನಮ್ಮವರು ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಂತರು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಬಂದು ಅದನ್ನು ಮ್ಯೂಸಿಯಂ ಎಂದು ಉದ್ಘಾಟಿಸಿದರು. ಒಳ್ಳೆಯದೇ ಆಯಿತು. ಕೋಟೆಯ ಅಂಗಳದ ಗಾರೆಯ ಜೋಡಿ ಆನೆಗಳಿಗೆ ಮಾತ್ರ ಯಾವ ಉದ್ಘಾಟನೆಯೂ ಬೇಕಾಗಿಲ್ಲ. ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಗೈಡುಗಳು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ.

ಮೇಷ್ಟ್ರಿಗೆ ಸಂಘ ಬೇಕೇ ಬೇಕೆಂದಾದರೆ ಕೆಲಸ ಬೇರೆ ಕಡೆ ಇದೆ. ಫೌಲರ್ ಎಂಬ ಇಂಗ್ಲಿಷಿನವ 1854ರಲ್ಲಿ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಆಮೇಲೆ ತೋಟ ಬೆಳೆದ ಹಾಗೆ ಆಳುಗಳು ಬಂದರು. ಮೈಸೂರು ಕಡೆಯಿಂದ, ಮಲಬಾರಿನಿಂದ, ತಮಿಳುನಾಡಿನಿಂದ, ಈಗ ಅಸ್ಸಾಮಿನಿಂದ. ಯರವರೂ ಜೇನುಕುರುಬರೂ ಅದಕ್ಕೂ ಮೊದಲಿಂದಲೇ ಇಲ್ಲಿದ್ದವರು. ತೋಟದ ಆಳುಗಳ ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲಿ ಸತ್ತವರಿಗೆ ಫ್ಲೆಕ್ಸು ಕಟ್ಟುವ ಅಂಗಳ ಎಲ್ಲಿಂದ ಬರಬೇಕು? ಅಜ್ಜನ ಹೆಸರು ಕೇಳಿದರೆ ಹೇಳುತ್ತಾರೆ, ಅಜ್ಜನ ಅಪ್ಪನದು ಕೇಳಿದರೆ ಮುಖ ನೋಡುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಪೆಟ್ಟಿಗೆಯಿದ್ದವರದೂ ಹೋಯಿತು, ಇಲ್ಲದವರದೂ ಹೋಯಿತು. ಪಡಿತರ ಚೀಟಿಯನ್ನು ಕಚೇರಿಯಲ್ಲಿ ಮತ್ತೆ ಮಾಡಿಸಬಹುದು, ಅಪ್ಪನ ಒಂದೇ ಒಂದು ಫೋಟೋವನ್ನು ಎಲ್ಲಿ ಮಾಡಿಸುವುದು?

ಲೈನ್‌ಮನೆಯವರ ಹೆಸರು ಕ್ರಮವಾಗಿ ಸಿಗುವ ಜಾಗ ಒಂದೇ, ತೋಟದ ಹಳೆಯ ಚೆಕ್‌ರೋಲು. ಯಾವ ದಿನ ಯಾರು ಕೆಲಸಕ್ಕೆ ಬಂದರು, ಕೂಲಿ ಎಷ್ಟು, ಮುಂಗಡ ಎಷ್ಟು, ಎಲ್ಲ ಅದರಲ್ಲಿದೆ. ರಾಜರ ಹುಕುಂನಾಮೆಗೆ ಸಿಗುವ ಮರ್ಯಾದೆ ಅದಕ್ಕೆ ಸಿಕ್ಕಿಲ್ಲ. ತೋಟ ಕೈ ಬದಲಾದಾಗ ಮೊದಲು ಗುಜರಿಗೆ ಹೋಗುವುದೇ ಅದು. ನಿಮ್ಮ ತೋಟದ ಬಂಗಲೆಯಲ್ಲೋ ಪಲ್ಪರ್ ಶೆಡ್ಡಿನ ಮೂಲೆಯಲ್ಲೋ ಅಂಥ ಪುಸ್ತಕಗಳಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಬಿಸಿಲು ಬಂದ ದಿನ ಹೊರತೆಗೆದು ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ. ಲೈನಿನಲ್ಲಿ ಹಳಬರು ಯಾರಾದರೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಹೆಸರಿನವರು ಯಾರ ಮಗ, ಯಾರ ಮಗಳು, ಎಲ್ಲಿಂದ ಬಂದವರು ಎಂದು ಕೇಳಿ ಬರೆದುಕೊಳ್ಳಿ.