ಕೇಜು, ರೈಲು ಮತ್ತು ಐದು ಇಂಗ್ಲಿಷ್ ವಾಕ್ಯ

ನಮ್ಮ ಬೇತಮಂಗಲದ ಮಕ್ಕಳಿಗೆ ಭಾಷೆಗೇನೂ ಬಡತನವಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಬಸ್ಸು ಹತ್ತಿದರೆ ತಮಿಳು. ಮೂರರಲ್ಲೂ ಸಲೀಸಾಗಿ ಜಗಳ ಆಡಬಲ್ಲರು. ನಾಲ್ಕನೆಯದಾಗಿ ಇಂಗ್ಲಿಷ್ ಬಂದಾಗ ಮಾತ್ರ ಬಾಯಿಗೆ ಬೀಗ ಬೀಳುತ್ತದೆ.

ಕೆಲಸದಿಂದ ನಿವೃತ್ತಳಾಗಿ ಊರಿಗೆ ಬಂದ ಮೇಲೆ ಸಂಜೆ ಹೊತ್ತು ನಮ್ಮ ಮನೆ ಜಗುಲಿಯಲ್ಲಿ ಒಂಬತ್ತು, ಹತ್ತನೇ ತರಗತಿಯ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಫೀಸು ಇಲ್ಲ. ಅವರವರ ತೋಟದಲ್ಲಿ ಬೆಳೆದ ಟೊಮೆಟೊ, ಹುರುಳಿಕಾಯಿ ಆಗಾಗ ಬಾಗಿಲಿಗೆ ಬರುತ್ತವೆ, ಬೇಡವೆನ್ನುವುದಿಲ್ಲ.

ಮೂರು ವರ್ಷದ ಹಿಂದೆ ಲಂಡನ್ನಿನ ನೆಲದಡಿಯ ರೈಲಿನ ಬಗ್ಗೆ ಒಂದು ಪಾಠ ಓದಿಸುತ್ತಿದ್ದೆ. ಇಂಗ್ಲಿಷ್ ಕಲಿಯುವ ಹದಿಹರೆಯದವರಿಗೆಂದೇ ಬರೆದ ಪುಸ್ತಕ. ವಿಜ್ಞಾನಿಗಳು, ರೈಲು, ಟ್ರಾಮು ಎಲ್ಲ ಅದರಲ್ಲಿದ್ದವು. 1863ರಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಓಡಿತು, ಅದನ್ನು ಎಳೆದದ್ದು ಹಬೆ ಎಂಜಿನ್ನು, ಸುರಂಗದ ತುಂಬ ಹೊಗೆ. ಪಾಠ ಚೆನ್ನಾಗಿಯೇ ಇತ್ತು. ಮಕ್ಕಳು ಮಾತ್ರ ಆಕಳಿಸುತ್ತಿದ್ದರು. ಕೊನೆಗೆ ಒಬ್ಬ ಹುಡುಗ ಕೇಳಿದ: “ಮಿಸ್, ಎಲ್ಲಾ ಅಲ್ಲೇ ಆಗಿರೋದಾ? ನಮ್ಮ ಕಡೆ ಏನೂ ಆಗಿಲ್ವಾ?”

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಆ ಹುಡುಗನ ಮಾತು ಕೇಳಿದ್ದರೆ ಅವರಿಗೆ ನಗು ಬರುತ್ತಿತ್ತು. ಪುಸ್ತಕ ಮುಚ್ಚಿದೆ. ಮಾರನೆಯ ದಿನದಿಂದ ನಮ್ಮ ಪಾಠ ನಾವೇ ಬರೆದುಕೊಳ್ಳೋಣ ಅಂದೆ.

ಮೊದಲು ರೈಲಿನಿಂದ ಶುರು ಮಾಡಿದೆವು. ಲಂಡನ್ನಿನಲ್ಲಿ ಸುರಂಗ ರೈಲು ಬಂದ ಮರುವರ್ಷವೇ, 1864ರಲ್ಲಿ, ಮದ್ರಾಸು ಕಡೆಯಿಂದ ಜೋಲಾರಪೇಟೆ ಮೂಲಕ ಬೆಂಗಳೂರಿನ ದಂಡು ಪ್ರದೇಶಕ್ಕೆ ರೈಲು ಬಂತು. ಆ ದಾರಿಯಲ್ಲೇ ನಮ್ಮ ಬಂಗಾರಪೇಟೆ. ಬಂಗಾರ ಸಿಗುವ ಕಡೆ ಇರುವುದರಿಂದ ಆ ಹೆಸರು ಎಂದು ಮಕ್ಕಳು ಅಂದುಕೊಂಡಿದ್ದರು. ಮೈಸೂರು ಸಂಸ್ಥಾನಕ್ಕೆ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಆಮೇಲೆ ಬಂಗಾರಪೇಟೆಯಾದದ್ದು ಎಂದಾಗ ಒಬ್ಬಳಿಗೆ ಬೇಜಾರೇ ಆಯಿತು. 1894ರಲ್ಲಿ ಅಲ್ಲಿಂದ ಗಣಿಗಳಿಗೆ ಒಂದು ಕವಲು ಹಾದಿ ಹಾಕಿದರು. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂವರೆಗೆ. 1913ರಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬಂತು. ಅದರಲ್ಲಿ ಓಡಾಡಿದ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ, ಅವರನ್ನು ಕೇಳಿಕೊಂಡು ಬನ್ನಿ ಎಂದು ಮಕ್ಕಳನ್ನು ಅಟ್ಟಿದೆ. ಬಂದ ಕತೆಗಳಲ್ಲಿ ಅರ್ಧ ಉಪ್ಪುಖಾರ ಹಚ್ಚಿದವು. ಇಂಗ್ಲಿಷಿನಲ್ಲಿ ಬರೆಯುವಾಗ ಉಪ್ಪುಖಾರ ತಾನಾಗಿ ಉದುರಿತು, ಅಷ್ಟು ಪದಗಳು ಅವರಲ್ಲಿ ಇರಲಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಆಗಿನ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದೇ ದೊಡ್ಡ ಸಾಹಸ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಇದನ್ನು ಕೇಳಿದ ಹುಡುಗರು ಚಪ್ಪಾಳೆ ತಟ್ಟಿದರು. ನಮ್ಮೂರಿಗೂ ಇದರಲ್ಲಿ ಪಾಲಿದೆ, ಪಾಲಾರ್ ನದಿಗೆ ಕಟ್ಟಿದ ನಮ್ಮ ಕೆರೆಯ ನೀರನ್ನೇ ಗಣಿಯ ಊರು ಕುಡಿದದ್ದು. ನೀರು ಹೋಯಿತು, ವಿದ್ಯುತ್ ಬಂತು, ಚಿನ್ನ ಎಲ್ಲಿಗೋ ಹೋಯಿತು.

ಆದರೆ ಮಕ್ಕಳ ಕಣ್ಣು ಅರಳಿದ್ದು ಕೇಜಿನ ಕತೆಗೆ. ಲಂಡನ್ನಿನವರು ನೆಲದಡಿಯಲ್ಲಿ ಅಡ್ಡಡ್ಡ ಓಡಾಡಿದರು. ನಮ್ಮವರು ಉದ್ದುದ್ದ ಇಳಿದರು. ಕಬ್ಬಿಣದ ಪಂಜರದಲ್ಲಿ ಒತ್ತೊತ್ತಾಗಿ ನಿಂತರೆ ಮೇಲೆ ವಿಂಡಿಂಗ್ ಎಂಜಿನ್ನು ಹಗ್ಗ ಬಿಡುತ್ತದೆ, ಹೊಟ್ಟೆ ಬಾಯಿಗೆ ಬಂದಂತಾಗುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ. ತೀರಾ ಆಳಕ್ಕೆ ಹೋಗುವವರಿಗೆ ಒಂದು ಕೇಜು ಸಾಲದು. ಇಳಿದು, ಸುರಂಗದಲ್ಲಿ ನಡೆದು, ಮತ್ತೊಂದು ಹತ್ತಬೇಕು. ಚಾಂಪಿಯನ್ ರೀಫ್ ಮೂರು ಕಿ.ಮೀ.ಗೂ ಹೆಚ್ಚು ಆಳ ಹೋಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತದೆ. ನಮ್ಮ ತಾತ ಮನೆಗೆ ಬಂದರೆ ಮೊದಲು ಒಂದು ಚೊಂಬು ನೀರು ಕುಡಿದು ಆಮೇಲೆ ಮಾತಾಡುತ್ತಿದ್ದರು.

ಶಾಲೆಯ ಮುಖ ನೋಡದ ಆ ತಾತ ಶಾಫ್ಟು, ಲೆವೆಲ್ಲು, ಸ್ಕಿಪ್ಪು, ಟಬ್ಬು, ಟಿಂಬರು, ಶಿಫ್ಟು ಎಂದೆಲ್ಲ ದಿನವೂ ಆಡುತ್ತಿದ್ದರು. ಇದನ್ನು ಹೇಳಿ, “ನಿಮ್ಮ ಮನೆಯಲ್ಲೂ ಇಂಥ ಪದ ಇದ್ದಾವು, ಹುಡುಕಿ ತನ್ನಿ” ಅಂದೆ. ಒಂದು ವಾರದಲ್ಲಿ ನಲವತ್ತಕ್ಕೂ ಹೆಚ್ಚು ಪದ ಬಂದವು. ಅವುಗಳ ಕಾಗುಣಿತ ಕಲಿಸುವುದಷ್ಟೇ ನನ್ನ ಪಾಲಿಗೆ ಉಳಿದದ್ದು. ಅಜ್ಜನ ಬಾಯಲ್ಲಿದ್ದ ಪದಕ್ಕೆ ಮೊಮ್ಮಗ ಹೆದರುವುದು ಯಾಕೆ?

ಇಷ್ಟು ಹೊತ್ತಿಗೆ ವಿಜ್ಞಾನಿಗಳ ಸರದಿ ಬಂತು. ತಾತ ಹೇಳುತ್ತಿದ್ದದ್ದು ಇಷ್ಟೇ: “ಬೊಂಬಾಯಿಂದ ಓದಿದೋರು ಬರ್ತಾರೆ. ಕೆಳಗಡೆ ಮಿಷನ್ನು ಇಟ್ಕೊಂಡು ಕಾಯ್ತಾ ಕೂತಿರ್ತಾರೆ. ಚಿನ್ನ ಮಾತ್ರ ಕೇಳಲ್ಲ.” ಬೊಂಬಾಯಿ ಎಂದರೆ ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. 1951ರ ಸುಮಾರಿಗೆ ಭಾಭಾ ಒಬ್ಬ ತರುಣನನ್ನು ಕೆಜಿಎಫ್ ಗಣಿಗೆ ಕಳಿಸಿದರು. ಆ ತರುಣ ಬಿ.ವಿ. ಶ್ರೀಕಂಠನ್, ನಂಜನಗೂಡಿನ ಕಡೆಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮುಂದೆ ಆ ಸಂಸ್ಥೆಗೇ ನಿರ್ದೇಶಕರಾದರು.

ಅವರು ಕೆಳಗೆ ಏನು ಕಾಯುತ್ತಿದ್ದರು? ಆಕಾಶದ ಆಚೆಯಿಂದ ಬರುವ ಕಿರಣಗಳು ಮೇಲಿನ ಗಾಳಿಗೆ ಬಡಿದು ಮ್ಯೂಆನ್ ಎಂಬ ಕಣಗಳ ಮಳೆ ಸುರಿಸುತ್ತವೆ. ನೀವು ಈ ಸಾಲು ಓದುತ್ತಿರುವಾಗಲೂ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ತೂರಿ ಹೋಗುತ್ತಿವೆ. ಈ ಮಳೆಗೆ ಬಂಡೆಯೇ ಕೊಡೆ. ಕೆಳಗೆ ಹೋದಷ್ಟೂ ಕೊಡೆ ದಪ್ಪ, ಹನಿ ಕಡಿಮೆ. 1960ರ ದಶಕದ ಆರಂಭದಲ್ಲಿ ಉಪಕರಣಗಳನ್ನು ಬಹಳ ಆಳಕ್ಕೆ ಇಳಿಸಿದಾಗ ಸುಮಾರು ಎರಡು ತಿಂಗಳು ಕಾದರೂ ಒಂದೂ ಮ್ಯೂಆನ್ ಸಿಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರು, ಇಷ್ಟು ನಿಶ್ಶಬ್ದವಾದ ಜಾಗ ಇನ್ನೆಲ್ಲಿ ಸಿಕ್ಕೀತು, ಇಲ್ಲಿ ನ್ಯೂಟ್ರಿನೊ ಹಿಡಿಯೋಣ ಎಂದರು.

ನ್ಯೂಟ್ರಿನೊ ಎಂದರೆ ಇಟಲಿಯ ಭಾಷೆಯಲ್ಲಿ ಪುಟ್ಟ ತಟಸ್ಥ ಕಣ. ಅದಕ್ಕೆ ಯಾರ ಗೊಡವೆಯೂ ಇಲ್ಲ. ಸೂರ್ಯನಿಂದ ಬರುವವನ್ನೇ ಲೆಕ್ಕ ಹಾಕಿದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ತೂರಿ ಹೋಗುತ್ತವೆ. ಬಂಡೆಯಿರಲಿ, ಇಡೀ ಭೂಮಿಯೇ ಅದಕ್ಕೆ ಲೆಕ್ಕವಿಲ್ಲ. ಅಪರೂಪಕ್ಕೆ ಒಂದು ಮಾತ್ರ ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯೂಆನ್ ಹುಟ್ಟಿಸುತ್ತದೆ. ಆ ಒಂದಕ್ಕಾಗಿ ಚಾಂಪಿಯನ್ ರೀಫ್‌ನಲ್ಲಿ 2.3 ಕಿ.ಮೀ. ಆಳದಲ್ಲಿ, ಮುಂಬೈ ತಂಡ, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರಂನವರು ಸೇರಿ ಕಾದು ಕೂತರು.

ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಆಗ ಮೊದಲ ಬಾರಿ ಬಾಯಿ ತೆರೆದಳು. “ಮಿಸ್, ಮೇಲಿಂದ ಸೋರಿದ ಮ್ಯೂಆನ್ ಅಲ್ಲ, ಇದು ನ್ಯೂಟ್ರಿನೊದೇ ಅಂತ ಹೆಂಗೆ ಗೊತ್ತಾಗುತ್ತೆ?”

ಇಂಥ ಪ್ರಶ್ನೆಗೆ ನಾನು ಕಾಯುತ್ತಿದ್ದೆ. “ನಿಮ್ಮ ಮನೆ ಮಾಡು ಸೋರಿದರೆ ನೀರು ಎಲ್ಲಿಂದ ಬೀಳುತ್ತೆ?” ಅಂದೆ. “ಮೇಲಿಂದ.” “ಗೋಡೆ ಕಡೆಯಿಂದ ಅಡ್ಡಡ್ಡ ಚಿಮ್ಮಿದರೆ?” ಸ್ವಲ್ಪ ಯೋಚಿಸಿ ಹೇಳಿದಳು: “ಮಳೆ ಅಲ್ಲ. ಗೋಡೆ ಒಳಗೆ ಪೈಪು ಒಡೆದಿರಬೇಕು.” ವಿಜ್ಞಾನಿಗಳ ಲೆಕ್ಕವೂ ಅದೇ. ಆಕಾಶದ ಮ್ಯೂಆನ್ ಅಡ್ಡಡ್ಡ ಬರಬೇಕೆಂದರೆ ಎಷ್ಟೋ ಕಿ.ಮೀ. ಬಂಡೆ ದಾಟಬೇಕು, ಅದು ಆಗದ ಮಾತು. ಹಾಗಾಗಿ ಅಡ್ಡಡ್ಡ ಬಂದದ್ದನ್ನು ಹಿಡಿಯುವಂತೆ ಉಪಕರಣಗಳನ್ನು ಗೋಡೆಯ ಹಾಗೆ ನಿಲ್ಲಿಸಿದ್ದರು. ಕಣ ಹಾದರೆ ನಿಯಾನ್ ಕೊಳವೆಗಳು ಮಿನುಗುತ್ತಿದ್ದವು. 1965ರಲ್ಲಿ ಹಾಗೆ ಮಿನುಗಿದವು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಜಗತ್ತು ಗುರುತಿಸಿದ್ದು ಆ ವರ್ಷ. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ರೈನಸ್ ಎಂಬುವರ ತಂಡವೂ ಅದನ್ನೇ ಕಂಡಿತು. ಇಬ್ಬರ ವರದಿಯೂ ಅದೇ ಆಗಸ್ಟಿನಲ್ಲಿ ಅಚ್ಚಾಯಿತು, ಕೆಜಿಎಫ್‌ನದು ಎರಡು ವಾರ ಮೊದಲು.

ಮಾಡು ಸೋರುವುದು ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಾತನೂ ಗಣಿಯವರು. 2001ರಲ್ಲಿ ಗಣಿ ಮುಚ್ಚಿತು. ಅಪ್ಪ ಬೆಂಗಳೂರಿನಲ್ಲಿ ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋಗುತ್ತಾರೆ. ನಸುಕಿನಲ್ಲೇ ಗಾಡಿಯಲ್ಲಿ ಹೋಗಿ ಮಾರಿಕುಪ್ಪಂ ರೈಲು ಹಿಡಿಯುತ್ತಾರೆ, ರಾತ್ರಿ ವಾಪಸು. ಗಣಿಗೆಂದು ಹಾಕಿದ ಹಳಿ ಈಗ ಊರಿನ ದುಡಿಯುವ ಕೈಗಳನ್ನೆಲ್ಲ ದಿನಾ ಬೆಂಗಳೂರಿಗೆ ಒಯ್ದು ದಿನಾ ತಂದು ಬಿಡುತ್ತದೆ. ಮಕ್ಕಳಿಗೆ ‘ಕಮ್ಯೂಟರ್’ ಎಂಬ ಪದ ಹೇಳಿಕೊಟ್ಟಿದ್ದೆ. ಅಮೆರಿಕದ ರೈಲಿನವರು ದಿನಾ ಓಡಾಡುವವರಿಗೆ ದರ ಇಳಿಸಿ ಕೊಡುತ್ತಿದ್ದ ಪಾಸಿನಿಂದ ಆ ಪದ ಹುಟ್ಟಿತು. ಅಂದರೆ ನಮ್ಮ ಮಂತ್ಲಿ ಪಾಸೇ.

ಹತ್ತನೇ ತರಗತಿ ಮುಗಿಯಲು ಮೂರು ತಿಂಗಳಿರುವಾಗ ಒಂದು ಭಾನುವಾರ ಅವಳ ಅಪ್ಪ ಜಗುಲಿಗೆ ಬಂದರು. ಕೂರಲಿಲ್ಲ. “ಅಮ್ಮಾ, ಇವಳು ಇನ್ನು ಸಂಜೆ ಬರಲ್ಲ. ಪರೀಕ್ಷೆ ಆದ್ಮೇಲೆ ನನ್ ಜೊತೆಗೇ ರೈಲಲ್ಲಿ ಬರ್ತಾಳೆ. ವೈಟ್‌ಫೀಲ್ಡ್ ಕಡೆ ಗಾರ್ಮೆಂಟ್ಸಲ್ಲಿ ಕೆಲಸ ಹೇಳಿಟ್ಟಿದ್ದೀನಿ. ಸೈನ್ಸು ತಗೊಂತೀನಿ ಅಂತಾಳೆ, ಪಿಯುಸಿ ಸೈನ್ಸು ಅಂದ್ರೆ ಎಲ್ಲಾ ಇಂಗ್ಲಿಷು. ಕನ್ನಡ ಮೀಡಿಯಂ ಮಗು, ಒಂದು ವರ್ಷ ಫೇಲಾಗಿ ಮನೇಲಿ ಕೂತ್ರೆ ಏನ್ ಮಾಡೋದು?”

ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಹಾಗೆ ಫೇಲಾಗಿ ಕೂತವರನ್ನು ನಾನೂ ಕಂಡಿದ್ದೇನೆ. ಹೆಣ್ಣುಮಕ್ಕಳನ್ನು ಓದಿಸಿ ಎಂಬ ಭಾಷಣ ಎಲ್ಲರಿಗೂ ಬಾಯಿಪಾಠ. ತಿಂಗಳ ಕೊನೆಯ ಲೆಕ್ಕ ಹಾಕುವವರ ಮುಂದೆ ಅದನ್ನು ಮಾಡಲು ನನಗೆ ನಾಲಿಗೆ ಬರಲಿಲ್ಲ. “ಆಯ್ತಪ್ಪ, ಅವಳು ಬರೆದಿರೋದನ್ನ ಒಂದ್ಸಲ ಕೇಳಿಸಿಕೊಂಡು ಹೋಗಿ” ಅಂದೆ.

‘ರೈಲು’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆಯಲು ಹೇಳಿದ್ದೆ. ಅವಳು ನೋಟ್‌ಬುಕ್ ಹಿಡಿದು ನಿಂತು, ತಲೆ ಎತ್ತದೆ ಓದಿದಳು. 1894ರದು ಒಂದು ವಾಕ್ಯ, ಕೇಜಿನದು ಒಂದು, ನ್ಯೂಟ್ರಿನೊಗೆ ಟಿಕೆಟ್ಟು ಬೇಡ ಎಂದು ಒಂದು. ಆಮೇಲೆ: “ಮೈ ಗ್ರ್ಯಾಂಡ್‌ಫಾದರ್ ವೆಂಟ್ ಇನ್ ದಿ ಡಾರ್ಕ್ ಅಂಡ್ ಕೇಮ್ ಇನ್ ದಿ ಡಾರ್ಕ್. ಮೈ ಫಾದರ್ ಗೋಸ್ ಇನ್ ದಿ ಡಾರ್ಕ್ ಅಂಡ್ ಕಮ್ಸ್ ಇನ್ ದಿ ಡಾರ್ಕ್.” ಭೂತಕಾಲ, ವರ್ತಮಾನ ಎರಡೂ ಸರಿಯಾಗಿದ್ದವು.

ಅಪ್ಪ ಚಪ್ಪಲಿ ಮೆಟ್ಟಿಕೊಳ್ಳಲು ಹೋದವರು ನಿಂತರು. “ಡಾರ್ಕ್ ಅಂದ್ರೆ ಕತ್ತಲೆ ಅಲ್ವಾಮ್ಮಾ?”

“ಹೌದು.”

“ನಂದೇ ಬರೆದವಳೆ.” ಸ್ವಲ್ಪ ಹೊತ್ತು ಬೀದಿ ಕಡೆ ನೋಡಿದರು. “ನಮ್ಮಪ್ಪನ ಮುಖ ನಾನೂ ಭಾನುವಾರ ಮಾತ್ರ ನೋಡ್ತಿದ್ದೆ.” ಒಪ್ಪಿದೆ ಎಂದೇನೂ ಹೇಳಲಿಲ್ಲ. ಮಗಳನ್ನು ಗಾಡಿ ಹಿಂದೆ ಕೂರಿಸಿಕೊಂಡು ಹೋದರು. ಸೋಮವಾರ ಸಂಜೆ ಅವಳು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ಆರು ಗಂಟೆಗೆ ಬಂದು ಎಂದಿನ ಜಾಗದಲ್ಲಿ ಕೂತಳು. ಏನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇಂಗ್ಲಿಷಿನಲ್ಲಿ 64 ಅಂಕ ಬಂತು. ಕೆಜಿಎಫ್‌ನಲ್ಲಿ ವಿಜ್ಞಾನಕ್ಕೇ ಸೇರಿದಳು. ಮೊದಲ ಆರು ತಿಂಗಳು ಅಳುಮೋರೆ. ಪುಸ್ತಕದ ಒಂದು ಪುಟಕ್ಕೆ ಡಿಕ್ಷನರಿ ಹತ್ತು ಸಲ ತೆಗೆಯಬೇಕು. ಬಸ್ಸಿನಿಂದ ಇಳಿದು ನೇರ ನಮ್ಮ ಜಗುಲಿಗೇ ಬರುತ್ತಿದ್ದಳು. ಕಿರುಪರೀಕ್ಷೆಯೊಂದರಲ್ಲಿ ಫೇಲಾದಾಗ ಅವಳ ಅಪ್ಪ ಒಂದು ಮಾತೂ ಆಡಲಿಲ್ಲವಂತೆ. ಆ ಸುಮ್ಮನಿರುವಿಕೆಯೇ ಅವಳಿಗೆ ದೊಡ್ಡ ಹೆದರಿಕೆಯಾಗಿತ್ತು. ಈಗ ಎರಡನೇ ಪಿಯುಸಿ. ಅಳು ಕಡಿಮೆಯಾಗಿದೆ, ಡಿಕ್ಷನರಿಯ ಬೆನ್ನು ಕಿತ್ತುಹೋಗಿದೆ.

ಮೊನ್ನೆ ಲೈಬ್ರರಿಯಿಂದ ಕಾಸ್ಮಿಕ್ ಕಿರಣದ ಬಗ್ಗೆ ಒಂದು ಲೇಖನ ನಕಲು ಮಾಡಿಕೊಂಡು ಬಂದಿದ್ದಳು. “ಮಿಸ್, ಫ್ಲಕ್ಸ್ ಅಂದ್ರೇನು?”

ಇಷ್ಟು ಅಗಲದ ಕಿಟಕಿಯಲ್ಲಿ ಒಂದು ಸೆಕೆಂಡಿಗೆ ಎಷ್ಟು ಕಣ ಹಾಯುತ್ತವೆ ಎನ್ನುವ ಲೆಕ್ಕ ಎಂದು ಹೇಳಿದೆ. ಪೆನ್ಸಿಲು ಕಚ್ಚಿಕೊಂಡು ಒಂದು ಗಳಿಗೆ ಕೂತಳು. “ಹಂಗಾದ್ರೆ ಬೆಳಿಗ್ಗೆ ಮಾರಿಕುಪ್ಪಂ ಟ್ರೈನ್ ಬಾಗಿಲಲ್ಲಿ ಫ್ಲಕ್ಸ್ ಜಾಸ್ತಿ” ಅಂದವಳೇ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳತೊಡಗಿದಳು.