ಲೋಕಲ್ ಗಾರ್ಡಿಯನ್ನನ ಟಿಪ್ಪಣಿಗಳು

ಧಾರವಾಡದಲ್ಲಿ ಮನೆ ಕಟ್ಟಿಸಿದವರು ಪಾಲಿಕೆಯ ತೆರಿಗೆಯ ಜೊತೆಗೆ ಇನ್ನೊಂದು ಕರವನ್ನೂ ಕಟ್ಟಬೇಕಾಗುತ್ತದೆ. ಜೂನ್ ಬಂತೆಂದರೆ ಬಾಗಲಕೋಟೆ, ಮುಧೋಳ, ರೋಣದ ಕಡೆಯಿಂದ ಫೋನು ಶುರು. ‘ಹುಡುಗಿಗೆ ಅಲ್ಲೇ ಸೀಟು ಸಿಕ್ಕೈತಿ. ಹಾಸ್ಟೆಲ್ ಫಾರ್ಮಿನ್ಯಾಗ ಲೋಕಲ್ ಗಾರ್ಡಿಯನ್ ಅಂತ ನಿಮ್ಮ ಹೆಸರು ಬರದೀವಿ. ಒಂದು ಸಹಿ ಅಷ್ಟ.’ ಆ ಒಂದು ಸಹಿಗೆ ಆಧಾರ್ ಪ್ರತಿ, ಎರಡು ಫೋಟೊ, ಕರೆಂಟ್ ಬಿಲ್ಲಿನ ಝೆರಾಕ್ಸ್ ಬೇಕು. ‘ವಿದ್ಯಾರ್ಥಿನಿಗೂ ನಿಮಗೂ ಇರುವ ಸಂಬಂಧ’ ಎಂಬ ಕಡೆ ‘ಹುಡುಗಿಯ ತಾಯಿಯ ದೊಡ್ಡಮ್ಮನ ಮಗ’ ಎಂದು ಶ್ರದ್ಧೆಯಿಂದ ಬರೆದೆ. ಕ್ಲಾರ್ಕ್ ಅದರ ಮೇಲೆ ಗೆರೆ ಎಳೆದು ‘ಅಂಕಲ್’ ಎಂದು ತಿದ್ದಿದರು.

ಈ ಹುದ್ದೆಗೆ ಏನೇನು ಅಧಿಕಾರವಿದೆ ಎಂದು ಫಾರ್ಮಿನಲ್ಲಿ ಹುಡುಕಿದೆ. ಭಾನುವಾರ ಹತ್ತರಿಂದ ಐದರವರೆಗೆ ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಬಹುದು. ಜ್ವರ ಬಂದರೆ ಎಷ್ಟು ಹೊತ್ತಿದ್ದರೂ ಬಂದು ಕರೆದುಕೊಂಡು ಹೋಗಲೇಬೇಕು. ಮೆಟ್ಟಿಲು ಹತ್ತುವ ಹಾಗಿಲ್ಲ.

*

ಸೇರಿಸುವ ದಿನ. ಗಂಡಸರೆಲ್ಲ ಗೇಟಿನ ಒಳಗಿರುವ ಕಲ್ಲುಬೆಂಚಿನವರೆಗೆ ಮಾತ್ರ. ಟ್ರಂಕು, ಗಾದಿ, ಬಕೇಟು, ರೊಟ್ಟಿಯ ಡಬ್ಬಿ ಎಲ್ಲವೂ ಮೂರನೇ ಮಹಡಿಗೆ ಹೋಗಬೇಕು. ಹುಡುಗಿಯ ತಾಯಿ, ಮೊಣಕಾಲು ನೋವಿನ ನಮ್ಮ ತಂಗಿ, ಗಾದಿಯ ಒಂದು ತುದಿ ಹಿಡಿದಳು, ಮಗಳು ಇನ್ನೊಂದು ತುದಿ. ಆಳೆತ್ತರದ ನಾವು ಐದಾರು ಮಂದಿ ಅಪ್ಪಂದಿರು, ಕಾಕಾಗಳು, ಮಾಮಾಗಳು ಬೆಂಚಿನ ಮೇಲೆ ಕೂತು ಮಳೆಯ ಬಗ್ಗೆ ಮಾತಾಡಿದೆವು.

ಅಷ್ಟರಲ್ಲಿ ಏಣಿ ಹೊತ್ತ ಎಲೆಕ್ಟ್ರಿಷಿಯನ್ ಸೀದಾ ಒಳಗೆ ಹೋದ. ಅವನ ಮುಂದೆ ಹಾಸ್ಟೆಲಿನ ಮೌಶಿ. ಪ್ರತಿ ಮಹಡಿಯ ತಿರುವಿನಲ್ಲೂ ನಿಂತು ‘ಗಂಡಸರು ಬರಾಕತ್ತಾರವಾ…’ ಎಂದು ಕೂಗುತ್ತಾಳೆ. ದಡದಡ ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೆಳಗಿನವರೆಗೆ ಕೇಳಿಸುತ್ತದೆ. ನಾನು ವಾಚಮನ್ನನನ್ನು ಕೇಳಿದೆ:

‘ಅವನ್ನ ಹೆಂಗ ಬಿಟ್ಟಿ?’

‘ಅಂವಾ ಕೆಲಸದಾವ ಅದಾನ್ರಿ ಸರ.’

‘ನಾನೂ ಕೆಲಸಕ್ಕ ಬಂದೀನಲ್ಲಪಾ, ಗಾದಿ ಹೊರಾಕ.’

‘ನೀವು ಗಾರ್ಡಿಯನ್ ಅದೀರಿ.’

ಮೌಶಿಯ ಒಂದು ಕೂಗಿಗೆ ಎಲೆಕ್ಟ್ರಿಷಿಯನ್ನನ ಗಂಡಸುತನ ಮಾಫ್ ಆಗುವುದಾದರೆ ವರ್ಷಕ್ಕೊಂದು ದಿನ ಅಪ್ಪಂದಿರಿಗಾಗಿಯೂ ಅವಳು ಕೂಗಬಹುದಲ್ಲ?

*

ನಿಯಮಾವಳಿಯ ಹಾಳೆಯಿಂದ, ಇದ್ದ ಕ್ರಮದಲ್ಲೇ: ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಕಿಟಕಿಯ ಸರಳಿಗೆ ಬಟ್ಟೆ ಒಣಹಾಕತಕ್ಕದ್ದಲ್ಲ. ವರಾಂಡದಲ್ಲಿ ಹಗ್ಗ ಕಟ್ಟತಕ್ಕದ್ದಲ್ಲ. ಟೆರೇಸಿಗೆ ಪ್ರವೇಶವಿಲ್ಲ. ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಕಾಯಿಲ್, ಕೆಟಲ್ ಇಟ್ಟುಕೊಳ್ಳತಕ್ಕದ್ದಲ್ಲ.

ಇದನ್ನು ಬರೆದವರು ಧಾರವಾಡದ ಜುಲೈ ನೋಡಿಲ್ಲವೆಂದು ಕಾಣುತ್ತದೆ. ಇಲ್ಲಿನ ಮಳೆ ಸುರಿದು ಹೋಗುವುದಿಲ್ಲ, ಜಿಟಿಜಿಟಿ ಎಂದು ಕೂತುಬಿಡುತ್ತದೆ. ಜೀನ್ಸ್ ಪ್ಯಾಂಟು ಮೂರು ದಿನವಾದರೂ ಒಣಗದು. ಹೀಗಾಗಿ ಹುಡುಗಿಯರು ಒದ್ದೆ ಬಟ್ಟೆಯನ್ನು ಇಸ್ತ್ರಿ ಮಾಡಿಯೇ ಒಣಗಿಸುತ್ತಾರೆ. ಇಸ್ತ್ರಿ ಪೆಟ್ಟಿಗೆ ಇರುವುದು ಸಾಲಿಗೊಂದೇ. ಅದು ಯಾರದೆಂದು ಯಾರೂ ಹೇಳುವುದಿಲ್ಲ. ತಪಾಸಣೆಯ ದಿನ ಅದು ಅಕ್ಕಿ ಡಬ್ಬಿಯಂಥ ಯಾವುದೋ ಡಬ್ಬಿಯ ತಳ ಸೇರುತ್ತದೆ.

ನಿಯಮಕ್ಕೆ ಕಾರಣವಿಲ್ಲ ಎಂದಲ್ಲ. ಕೋಣೆಯ ಸಣ್ಣ ಪ್ಲಗ್ಗು 6 ಆಂಪಿನದು. 230 ವೋಲ್ಟಿನಲ್ಲಿ ಅದು ತಾಳುವುದು 1,380 ವಾಟ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಹೇಗೋ ನಡೆದೀತು. 1,500 ವಾಟಿನ ಕಾಯಿಲ್ ಹಾಕಿದರೆ ಪ್ಲಗ್ಗು ಕಾದು ಕಪ್ಪಾಗಬಹುದು. ಇನ್ನು ಒಂದು ಸಾಲಿನ ಕೋಣೆಗಳಿಗೆಲ್ಲ ಸೇರಿ 16 ಆಂಪಿನ ಒಂದೇ ಎಂಸಿಬಿ ಇದ್ದರೆ ಅದರ ಮಿತಿ 3,680 ವಾಟ್. ಕೋಣೆಗೊಂದು ಪೆಟ್ಟಿಗೆ ಬಂದರೆ, ಪರೀಕ್ಷೆಯ ಬೆಳಿಗ್ಗೆ ನಾಲ್ಕನೆಯದನ್ನು ಹಚ್ಚಿದ ಮೇಲೆ ಸಾಲೆಲ್ಲ ಕತ್ತಲೆಯಾಗಬಹುದು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅಂಟಿಸಿದ್ದರೆ ಫಿಸಿಕ್ಸ್ ಓದುವ ಹುಡುಗಿಯರು ತಾವೇ ಪಾಳಿ ಹಚ್ಚಿಕೊಳ್ಳುತ್ತಿದ್ದರು. ಕೆಳಗಿನ ಮಹಡಿಯಲ್ಲಿ 16 ಆಂಪಿನ ಪ್ಲಗ್ಗು ಹಾಕಿದ ಒಂದು ಇಸ್ತ್ರಿ ಕೋಣೆ ಮಾಡಿಕೊಟ್ಟರೆ ದಂಡದ ಪುಸ್ತಕವೇ ಬೇಕಾಗುವುದಿಲ್ಲ. ದಂಡ 500 ರೂಪಾಯಿ. ಪೆಟ್ಟಿಗೆಯನ್ನೂ ಕಸಿದುಕೊಳ್ಳುತ್ತಾರೆ. ಕಸಿದ ಪೆಟ್ಟಿಗೆಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ಇದುವರೆಗೆ ಯಾರೂ ಹೇಳಿಲ್ಲ.

*

ಅಣ್ಣನ ಮೊಮ್ಮಗ ಇರುವುದು ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ. ಗಂಡುಮಕ್ಕಳದ್ದಾದ್ದರಿಂದ ಅಲ್ಲಿ ನನಗೆ ಮೆಟ್ಟಿಲು ಹತ್ತುವ ಭಾಗ್ಯವಿದೆ. ಬೆಳಿಗ್ಗೆ ಬೇಗ ಹೋದ ದಿನ ನೋಡಿದ್ದು: ಬಿಸಿನೀರಿನ ನಳದ ಮುಂದೆ ಬಕೇಟುಗಳ ಸಾಲು. ಮನುಷ್ಯರು ಯಾರೂ ಇಲ್ಲ.

‘ಬಕೇಟು ಇಟ್ಟರ ಪಾಳಿ ಬಂದಂಗೇನೋ?’

‘ಸೋಪಿನ ಡಬ್ಬಿ ಇರಬೇಕು ಅಜ್ಜಾ. ಬರೇ ಬಕೇಟಿಗೆ ಪಾಳಿ ಇಲ್ಲ.’

ಕರೆದಾಗ ಒಡೆಯ ಓಗೊಡದಿದ್ದರೆ ಬಕೇಟು ಸಾಲಿನ ಕೊನೆಗೆ ಹೋಗುತ್ತದೆ. ಅದನ್ನು ಸರಿಸುವ ಹಕ್ಕು ಅದರ ಹಿಂದಿನ ಬಕೇಟಿನವನಿಗೆ ಮಾತ್ರ. ನನ್ನನ್ನು ಹೆಚ್ಚು ತಬ್ಬಿಬ್ಬು ಮಾಡಿದ್ದು ಮೊದಲ ಸ್ಥಾನ. ಅದು ಯಾರಿಗೂ ಬೇಡ. ಸೋಲಾರ್ ಟ್ಯಾಂಕು ಚಾವಣಿಯ ಮೇಲಿದೆ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ. ಮೊದಲು ನಳ ತಿರುವಿದವನಿಗೆ ಸಿಗುವುದು ಆ ನೀರೇ. ಅದಕ್ಕೂ ಒಂದು ಕಟ್ಟಳೆ ಇದೆ. ಮೊದಲನೆಯವನು ಎರಡು ಬಕೇಟು ತಣ್ಣೀರು ಹಿಡಿದು ಸಂಡಾಸಿನ ಡ್ರಮ್ಮಿಗೆ ಸುರಿಯಬೇಕು. ಮೂರನೆಯ ಬಕೇಟು ಅವನ ಸ್ನಾನಕ್ಕೆ. ನೀರು ವ್ಯರ್ಥವಾಗುವುದಿಲ್ಲ, ಸಂಡಾಸಿಗೂ ನೀರಾಯಿತು.

ಇದನ್ನು ಯಾವ ನಿಲಯಪಾಲಕರೂ ಬರೆದಿಲ್ಲ, ಯಾರಿಗೂ ದಂಡವಿಲ್ಲ. ಆದರೂ ನಡೆಯುತ್ತದೆ. ಗೋಡೆಯ ಬೋರ್ಡಿನಲ್ಲಿರುವ ‘ನೀರನ್ನು ಮಿತವಾಗಿ ಬಳಸಿ’ ಎಂಬುದನ್ನು ಮಾತ್ರ ಓದಿದವರು ಕಾಣೆ.

*

ಮೆಸ್ ಬಿಲ್ಲು ಎಂಬ ಒಗಟು. ಮಾರ್ಚಿನಲ್ಲಿ ಹುಡುಗಿ ಅರ್ಧ ತಿಂಗಳು ಊರಿನಲ್ಲಿದ್ದಳು. ದಿನದ ಲೆಕ್ಕದಲ್ಲಿ ಆ ತಿಂಗಳ ಊಟ ಜನವರಿಗಿಂತ ತುಟ್ಟಿ. ತಂಗಿ ಫೋನಿನಲ್ಲಿ ಕೂಗಾಡಿದಳು: ‘ಉಣ್ಣದ ಊಟಕ್ಕ ರೊಕ್ಕ ಹೆಂಗ ಜಾಸ್ತಿ ಆಕ್ಕೈತಿ?’

ಡಿವೈಡಿಂಗ್ ಮೆಸ್ಸಿನಲ್ಲಿ ಆಗುತ್ತದೆ. ತಿಂಗಳ ಒಟ್ಟು ಖರ್ಚನ್ನು ಎಲ್ಲರ ಒಟ್ಟು ಹಾಜರಿ ದಿನಗಳಿಂದ ಭಾಗಿಸುತ್ತಾರೆ. ಒಂದು ಅಂದಾಜು ಮಾಡೋಣ. ನೂರು ಜನರ ಹಾಸ್ಟೆಲು, ಅಡುಗೆಯವರ ಪಗಾರ 60,000 ರೂಪಾಯಿ. ಎಲ್ಲರೂ ಮೂವತ್ತೂ ದಿನ ಉಂಡರೆ 3,000 ಹಾಜರಿ, ತಲೆಗೆ ದಿನಕ್ಕೆ 20 ರೂಪಾಯಿ ಪಗಾರದ ಪಾಲು. ಓದುವ ರಜೆಗೆಂದು ಅರ್ಧ ಜನ ತಿಂಗಳಿಡೀ ಊರಿಗೆ ಹೋದರೆ ಹಾಜರಿ 1,500ಕ್ಕೆ ಇಳಿಯುತ್ತದೆ, ಪಾಲು 40 ಆಗುತ್ತದೆ. ಅಕ್ಕಿ-ಬೇಳೆ ಕಡಿಮೆಯಾದರೂ ಪಗಾರ ಕಡಿಮೆಯಾಗುವುದಿಲ್ಲ. ಪರೀಕ್ಷೆಗೆ ಕೂತು ಓದುವವರು ಊರಿಗೆ ಹೋದವರ ಪಾಲಿನ ಪಗಾರವನ್ನೂ ಕೊಡುತ್ತಾರೆ. ಅಲ್ಲದೆ ‘ಮೆಸ್ ಕಟ್’ ಸಿಗುವುದು ಮೊದಲೇ ಬರೆದುಕೊಟ್ಟು ಕನಿಷ್ಠ ಮೂರು ದಿನ ಸತತ ಹೋದವರಿಗೆ. ಶನಿವಾರ ಹೋಗಿ ಸೋಮವಾರ ಬರುವವರ ಊಟ ಲೆಕ್ಕದ ಪುಸ್ತಕದಲ್ಲಿ ಆಗಿಯೇ ಇರುತ್ತದೆ.

ಲೆಕ್ಕ ಬಿಡಿಸಿ ಹೇಳಿದ ಮೇಲೂ ತಂಗಿ ಒಪ್ಪಲಿಲ್ಲ. ಅವಳದೂ ಸರಿಯೇ. ಬಿಲ್ಲಿನ ಮೇಲೆ ಒಂದೇ ಮೊತ್ತ ಬರೆಯುವ ಬದಲು ಪಗಾರ, ಗ್ಯಾಸ್, ಕಿರಾಣಿ ಎಂದು ಮೂರು ಸಾಲು ಬರೆದರೆ ಯಾರ ಗಂಟೂ ಹೋಗುವುದಿಲ್ಲ.

*

ಬೆಳಗಿನ ಹಳ್ಳಿ ಬಸ್ಸಿನಲ್ಲಿ ಬುತ್ತಿಗಳು ಬರುತ್ತವೆ. ಬಟ್ಟೆಯಲ್ಲಿ ಕಟ್ಟಿದ ಡಬ್ಬಿ, ಮೇಲೆ ಹುಡುಗನ ಹೆಸರು. ಒಳಗೆ ಬಿಸಿ ಆರದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ವಾಪಸ್. ಇಲ್ಲಿನ ಸಪ್ತಾಪುರದ ರೂಮುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ಎಷ್ಟೋ ಮಂದಿ ಬದುಕಿರುವುದು ಇದರ ಮೇಲೆ. ನಮ್ಮ ಹುಡುಗಿಯ ಹಾಸ್ಟೆಲಿನ ನಿಯಮ ಮಾತ್ರ ‘ಹೊರಗಿನ ಆಹಾರ ತರತಕ್ಕದ್ದಲ್ಲ’ ಎನ್ನುತ್ತದೆ. ಅವ್ವನ ರೊಟ್ಟಿ ಹೊರಗಿನ ಆಹಾರವೇ ಎಂದು ವಾರ್ಡನ್ ಬಾಯಿಯವರನ್ನು ಕೇಳಿದೆ. ‘ಇರಿವಿ ಬರತಾವ್ರಿ’ ಎಂದರು.

*

ಹಳೆಯದೊಂದು ನೆನಪಿಸಿಕೊಳ್ಳಬೇಕು. ನಮ್ಮ ಅಜ್ಜನ ಕಾಲದಲ್ಲಿ ಓದಲು ಊರು ಬಿಟ್ಟ ಬಡ ಹುಡುಗನಿಗೆ ಇದ್ದದ್ದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ದಿನಕ್ಕೆ ಏಳು ಮನೆಯ ಏಳು ರೀತಿಯ ರಿವಾಜು. ಅದೂ ಹೆಚ್ಚಾಗಿ ಒಂದೆರಡು ಜಾತಿಯ ಹುಡುಗರಿಗೆ ಸಿಗುತ್ತಿದ್ದದ್ದು. ಉಳಿದವರಿಗೆ ಬಾಗಿಲು ತೆರೆದದ್ದು ಮಠಗಳ ಪ್ರಸಾದ ನಿಲಯಗಳು, ಸಮಾಜದವರ ಬೋರ್ಡಿಂಗುಗಳು, ಆಮೇಲೆ ಸರ್ಕಾರಿ ಹಾಸ್ಟೆಲುಗಳು. ಧಾರವಾಡದಲ್ಲಿ ಮೃತ್ಯುಂಜಯ ಅಪ್ಪಗಳ ಮುರುಘಾಮಠ, ತುಮಕೂರಿನಲ್ಲಿ ಸಿದ್ಧಗಂಗೆ. ಅಲ್ಲಿ ಉಂಡು ಓದಿದವರು ಇವತ್ತಿಗೂ ನಸುಕಿನ ಪ್ರಾರ್ಥನೆ, ಕಸ ಹೊಡೆಯುವ ಪಾಳಿ, ತಮ್ಮ ತಾಟು ತಾವೇ ತೊಳೆದದ್ದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿಯೂ ನಿಯಮ ಸಡಿಲವಾಗಿರಲಿಲ್ಲ. ಆದರೆ ಸ್ವಾಮಿಗಳೂ ಅದೇ ಹೊತ್ತಿಗೆ ಏಳುತ್ತಿದ್ದರು. ಈಗಿನ ವಾರ್ಡನ್ನರು ಬೆಳಿಗ್ಗೆ ಹತ್ತಕ್ಕೆ ಬಂದು ಐದಕ್ಕೆ ಹೋದರೆ ರಾತ್ರಿಯ ನಿಯಮ ನೋಡಿಕೊಳ್ಳುವವನು ವಾಚಮನ್ ಒಬ್ಬನೇ.

ಹಾಸ್ಟೆಲೂ ಸಿಗದವರಿಗೆಂದು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾಸಿರಿ ಯೋಜನೆ ಇದೆ. 2013-14ರಲ್ಲಿ ಶುರುವಾದಾಗ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಉಳಿದ ಎರಡು ತಿಂಗಳು ಹುಡುಗ ಊರಿನಲ್ಲಿರುತ್ತಾನೆ ಎಂಬ ಲೆಕ್ಕ. ರೂಮಿನ ಮಾಲೀಕ ಬಾಡಿಗೆಯನ್ನು ಹನ್ನೆರಡು ತಿಂಗಳೂ ಕೇಳುತ್ತಾನೆ.

*

ಜಿಎಸ್‌ಟಿ ಮಂಡಳಿ 2024ರ ಜೂನ್‌ನಲ್ಲಿ ತೀರ್ಮಾನಿಸಿದ್ದು: ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನವಾದರೂ ಇರುವವರ ಹಾಸ್ಟೆಲ್, ಪಿಜಿ ವಸತಿಗೆ ತೆರಿಗೆ ಇಲ್ಲ. ಹೊಂದಿಕೆಯಾಗದೆ ಎರಡೇ ತಿಂಗಳಿಗೆ ಪಿಜಿ ಬಿಟ್ಟವನ ಗತಿ ಏನೆಂದು ಪಿಜಿಯವರನ್ನೇ ಕೇಳಿದೆ. ‘ಅಡ್ವಾನ್ಸಿನ್ಯಾಗ ಹಿಡಕೋತೀವ್ರಿ’ ಎಂದರು. ಎಲ್ಲದಕ್ಕೂ ಅವರದು ಅದೊಂದೇ ಉತ್ತರ.

*

ಗೇಟಿನ ಹೊತ್ತು. ಹುಡುಗರದು ರಾತ್ರಿ ಹತ್ತು, ಹುಡುಗಿಯರದು ಏಳು. ಗ್ರಂಥಾಲಯ ತೆರೆದಿರುವುದು ಒಂಬತ್ತರವರೆಗೆ. ಇಬ್ಬರೂ ಗ್ರಂಥಾಲಯದ ಶುಲ್ಕ ಕಟ್ಟುವುದು ಸಮನಾಗಿ.

ಕಾರಣ ಕೇಳಿದರೆ ಸುರಕ್ಷತೆ. ಒಂದು ಭಾನುವಾರ ಊರಿನಿಂದ ಬರುವ ಬಸ್ಸು ನವಲಗುಂದದ ಹತ್ತಿರ ಕೆಟ್ಟಿತು. ಹುಡುಗಿ ಗೇಟಿಗೆ ಬಂದಾಗ ಎಂಟೂವರೆ. ಗೇಟು ಹಾಕಿತ್ತು. ವಾಚಮನ್ ಒಳಗೆ, ಹುಡುಗಿ ಬ್ಯಾಗು ಹಿಡಿದು ಮಳೆಯಲ್ಲಿ, ರಸ್ತೆಯ ಮೇಲೆ. ‘ಲೋಕಲ್ ಗಾರ್ಡಿಯನ್ನಿಗೆ ಫೋನ್ ಮಾಡವಾ’ ಎಂದನಂತೆ. ಸ್ಕೂಟರಿನಲ್ಲಿ ಹೋಗಿ ಕರೆತಂದೆ. ಮರುದಿನ ಬೆಳಿಗ್ಗೆ ಅವಳು ರಾತ್ರಿ ನಮ್ಮ ಮನೆಯಲ್ಲೇ ಇದ್ದಳೆಂದು ನಾನು ಬರೆದುಕೊಟ್ಟ ಮೇಲೆ ಒಳಗೆ ಬಿಟ್ಟರು. ಸುರಕ್ಷತೆಯ ಸಲುವಾಗಿ ಹುಡುಗಿಯನ್ನು ಕತ್ತಲೆಯಲ್ಲಿ ಹೊರಗೆ ನಿಲ್ಲಿಸುವ ಈ ಲೆಕ್ಕ ನನಗೆ ಮೆಸ್ ಬಿಲ್ಲಿಗಿಂತ ಕಠಿಣ. ತಡವಾಗಿ ಬಂದವಳನ್ನು ಮೊದಲು ಒಳಗೆ ಬಿಟ್ಟು ಆಮೇಲೆ ವಿಚಾರಿಸಬಾರದೇ?

ಕೇರಳದಲ್ಲಿ ಇಂಥದ್ದೇ ಒಂದು ನಿಯಮ ಕೋರ್ಟಿಗೆ ಹೋಗಿತ್ತು. ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಹುಡುಗಿಯರು ಮೊಬೈಲ್ ಬಳಸುವ ಹಾಗಿರಲಿಲ್ಲ. ಒಪ್ಪದ ವಿದ್ಯಾರ್ಥಿನಿಯನ್ನು ಹೊರಗೆ ಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದು ಹೇಳಿ ಅವಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿತು. ಈ ತೀರ್ಪನ್ನು ನಮ್ಮ ವಾರ್ಡನ್ ಬಾಯಿಯವರಿಗೆ ಹೇಳಿದೆ. ‘ಅದು ಕೇರಳರಿ’ ಎಂದರು.

*

ಔಟ್‌ಪಾಸಿಗೆ ಅಪ್ಪನ ನೋಂದಾಯಿತ ನಂಬರಿನಿಂದಲೇ ಫೋನು ಬರಬೇಕು. ಅಪ್ಪ ಹೊಲದಲ್ಲಿರುತ್ತಾನೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಕೆಲವು ಹುಡುಗರು ಸೇರಿಸುವಾಗಲೇ ಗೆಳೆಯನ ನಂಬರು ಬರೆಸಿರುತ್ತಾರೆ ಎಂದು ಮೊಮ್ಮಗ ಹೇಳಿದ. ‘ಹಲೋ, ನಾ ಅವರಪ್ಪ ಮಾತಾಡೂದು’ ಎಂದು ಗಡಸು ಧ್ವನಿ ತೆಗೆಯಲು ಬರುವವನಿಗೆ ಆ ಸಾಲಿನಲ್ಲಿ ಭಾರಿ ಬೇಡಿಕೆ.

*

ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿಯೂ ಪಾಲಕರೂ ವರ್ಷವರ್ಷವೂ ಮುಚ್ಚಳಿಕೆ ಬರೆದುಕೊಡಬೇಕು. ಹಿಮಾಚಲದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಹುಡುಗನೊಬ್ಬ ಸತ್ತದ್ದು 2009ರ ಮಾರ್ಚಿನಲ್ಲಿ. ಅದೇ ವರ್ಷ ಯುಜಿಸಿ ನಿಯಮಗಳು ಬಂದವು. ಇಷ್ಟೆಲ್ಲ ಕಾಗದಗಳಲ್ಲಿ ಗೊಣಗದೆ ಸಹಿ ಹಾಕಿದ್ದು ನಾನು ಇದೊಂದಕ್ಕೇ. ಸಹಾಯವಾಣಿ 1800-180-5522 ಎಂದು ಬೋರ್ಡಿನಲ್ಲಿದೆ, ಹುಡುಗರ ಫೋನಿನಲ್ಲಿಲ್ಲ. ಮೊಮ್ಮಗನ ಫೋನಿನಲ್ಲಿ ನಾನೇ ಹಾಕಿಕೊಟ್ಟೆ.

ವಾರ್ಡನ್ ಯಾವ ಹೊತ್ತಿನಲ್ಲೂ ಸಿಗಬೇಕು, ಅವರ ಫೋನ್ ನಂಬರು ಎಲ್ಲರಿಗೂ ಗೊತ್ತಿರಬೇಕು ಎಂಬುದೂ ಅದೇ ನಿಯಮಗಳಲ್ಲಿದೆ. ಹಾಸ್ಟೆಲಿನ ಹಾಳೆಯಲ್ಲಿ ಹುಡುಗಿಯರಿಗೆ ಹೇಳಿದ ನಿಯಮಗಳು ಎರಡು ಪುಟ ತುಂಬಿವೆ, ವಾರ್ಡನ್ನಿಗೆ ಹೇಳಿದ ಇದೊಂದು ಮಾತು ಎಲ್ಲೂ ಅಚ್ಚಾಗಿಲ್ಲ.

*

ಬರುವ ಜೂನಿನಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವವರಿಗೆ: ಕೋಣೆ ನೋಡಿ ಮರುಳಾಗಬೇಡಿ, ಆ ದಿನ ಸುಣ್ಣ ಹೊಸದಾಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ ಸಂಡಾಸಿನ ನಳ ತಿರುವಿ. ಹೋದ ಮಾರ್ಚಿನ ಮೆಸ್ ಬಿಲ್ಲು ಕೇಳಿ. ಬಸ್ಸು ತಡವಾದರೆ ಗೇಟು ತೆರೆಯುವವರು ಯಾರು ಎಂದು ಬರವಣಿಗೆಯಲ್ಲಿ ಕೇಳಿ. ವಾರ್ಡನ್ನರ ನಂಬರು ಪಡೆದು ಅವತ್ತು ರಾತ್ರಿ ಹತ್ತು ಗಂಟೆಗೆ ಒಮ್ಮೆ ಫೋನ್ ಮಾಡಿ ನೋಡಿ. ಎತ್ತದಿದ್ದರೆ ಡಿಪಾಸಿಟ್ ಕಟ್ಟುವ ಮೊದಲು ಇನ್ನೊಂದು ಹಾಸ್ಟೆಲ್ ಹುಡುಕಿ.