ಒಂದು ಹಿಡಿ ಕಡಲೆಕಾಯಿ

ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ, 2016ರಲ್ಲಿ, ಅಪ್ಪನ ಮೂತ್ರಪಿಂಡಗಳು ಸೋತಿವೆಯೆಂದು ಗೊತ್ತಾಯಿತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ ತನ್ನ ಕೆಲಸ ಮಾಡಿತ್ತು. ಡಯಾಲಿಸಿಸ್ ಇನ್ನೂ ಬೇಕಿಲ್ಲ, ಪಥ್ಯ ಮಾತ್ರ ತಪ್ಪಬಾರದು ಎಂದರು ವೈದ್ಯರು. ಅಂದೇ ಅಮ್ಮ ಕಡಲೆಬೀಜದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಹಿಂದಿನ ವರ್ಷವಷ್ಟೇ ನೆಫ್ರಾನ್ ಚಿತ್ರ ಬರೆದು ಪೂರ್ಣ ಅಂಕ ಪಡೆದಿದ್ದ ನಾನು ಮನೆಯ ಪೊಲೀಸಾದೆ.

ಅಪ್ಪನಿಗೋ ಕಡಲೆಕಾಯಿ ಎಂದರೆ ಪ್ರಾಣ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋಗದ ವರ್ಷವಿಲ್ಲ. ಆ ಸಲವೂ ಹೋಗಿ ಬಂದರು. ಅಂಗಿಯ ಜೇಬು ಉಬ್ಬಿತ್ತು. "ಬದುಕೋ ಆಸೆ ಇಲ್ವಾ ಅಪ್ಪ ನಿಮಗೆ?" ಎಂದು ಕೂಗಾಡಿದೆ. ಅವರು ಮಾತಿಲ್ಲದೆ ಪೊಟ್ಟಣವನ್ನು ನನ್ನ ಕೈಗಿತ್ತು ಒಳಗೆ ಹೋದರು.

ಮರುವಾರದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9. ಅದು 5ರ ಆಸುಪಾಸು ಮೀರಬಾರದು; ಮೀರಿದಷ್ಟೂ ಹೃದಯದ ಬಡಿತ ತಾಳ ತಪ್ಪುವ ಭಯ. "ಕದ್ದು ಕಡಲೆಕಾಯಿ ತಿಂತಾರೆ ಮೇಡಂ" ಎಂದು ಆಹಾರತಜ್ಞೆಗೆ ದೂರಿದೆ.

"ಬೇರೇನು ಕೊಡ್ತೀರಿ?"

"ತಂಪಾಗಲಿ ಅಂತ ನಾನೇ ದಿನಾ ಎಳನೀರು ತರ್ತೀನಿ" ಎಂದೆ, ಹೆಮ್ಮೆಯಿಂದ.

ಅವರು ಪೆನ್ನು ಕೆಳಗಿಟ್ಟರು. ಒಂದು ಎಳನೀರಿನಲ್ಲಿ ಪೊಟ್ಯಾಸಿಯಂ 500 ಮಿಲಿಗ್ರಾಂ ದಾಟುವುದುಂಟು. ಒಂದು ಸಣ್ಣ ಹಿಡಿ, ಅಂದರೆ 28 ಗ್ರಾಂ ಕಡಲೆಬೀಜದಲ್ಲಿ ಸುಮಾರು 200. ಜೊತೆಗೆ 7 ಗ್ರಾಂ ಪ್ರೋಟೀನು, 100 ಮಿಲಿಗ್ರಾಮಿನಷ್ಟು ರಂಜಕ. ಆ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಸಾಕಷ್ಟಿಲ್ಲವಾದ್ದರಿಂದ ಎಲ್ಲವೂ ರಕ್ತ ಸೇರುವುದಿಲ್ಲ. ಪೊಟ್ಟಣದ ತಿಂಡಿಗಳಿಗೆ ಬೆರೆಸುವ ಫಾಸ್ಫೇಟಾದರೋ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಬೀಜಕ್ಕಿಂತ ಅದಕ್ಕೆ ಹಚ್ಚಿದ ಉಪ್ಪೇ ಎಷ್ಟೋ ಸಲ ದೊಡ್ಡ ಶತ್ರು.

ನಾನು ಅಪ್ಪನ ಮುಖ ನೋಡಲಾರದೆ ಹೋದೆ. ಅವರನ್ನು ಕಾಯುತ್ತಿದ್ದೇನೆಂದುಕೊಂಡ ನಾನೇ ದಿನವೂ ಅಪಾಯವನ್ನು ಲೋಟಕ್ಕೆ ಬಗ್ಗಿಸುತ್ತಿದ್ದೆ. ಅವರೋ, ಮಗಳು ತಂದದ್ದೆಂದು ಕುಡಿಯುತ್ತಿದ್ದರು.

ಎಳನೀರು ನಿಂತಿತು, ಔಷಧಿ ಬದಲಾಯಿತು, ಪೊಟ್ಯಾಸಿಯಂ ಇಳಿಯಿತು. ಆಮೇಲೆ ಆಹಾರತಜ್ಞೆಯೇ ವಾರಕ್ಕೆರಡು ದಿನ ಉಪ್ಪಿಲ್ಲದ ಒಂದು ಸಣ್ಣ ಹಿಡಿ ಬೀಜಕ್ಕೆ ಒಪ್ಪಿದರು. ಆ ದಿನ ಬೇಳೆ ಸ್ವಲ್ಪ ಕಡಿಮೆ. ಇದು ಅಪ್ಪನ ರಕ್ತ ನೋಡಿ ಹೇಳಿದ ಲೆಕ್ಕ, ಇನ್ನೊಬ್ಬರದು ಬೇರೆ. ಡಯಾಲಿಸಿಸ್ ಶುರುವಾದವರಿಗೆ ಪ್ರೋಟೀನು ಹೆಚ್ಚೇ ಬೇಕಾಗುತ್ತದೆ. ಆದ್ದರಿಂದ ಪಕ್ಕದ ಮನೆಯವರ ಪಥ್ಯ ನಮ್ಮ ಮನೆಗೆ ಬೇಡ.

ಮುಂದಿನ ಪರಿಷೆಗೆ ಇಬ್ಬರೂ ಹೋದೆವು. ಮನೆಗೆ ಬಂದು ಅಮ್ಮ ಬೀಜ ಬಿಡಿಸಿ ತೂಗಿ ಕೊಟ್ಟಳು. ಅಪ್ಪ ಅದರಲ್ಲೇ ನಾಲ್ಕು ಕಾಳು ತೆಗೆದು ನನ್ನ ಅಂಗೈಗಿಟ್ಟು ನಕ್ಕರು: "ತಗೋ, ಪೊಲೀಸರಿಗೂ ಒಂದು ಪಾಲು."